ಮೂರೂ ಊರಲ್ಲಿ ಒಂದನೇ ಚೀಟಿ

ಒಬ್ಬ ಮನುಷ್ಯನ ಮೇಲೆ ಮೋಸದ ಆರೋಪ ಹೊರಿಸಿ ನಾನು ಅರ್ಜಿ ಬರೆದದ್ದು ಈವರೆಗೆ ಒಂದೇ ಸಲ. ಅರ್ಜಿ ಚೆನ್ನಾಗಿಯೇ ಇತ್ತು. ಅದರಲ್ಲಿ ಮೂರು ಅಂಶಗಳಿದ್ದವು, ಗಟ್ಟಿಯಾದ ಒಂದು ಮುಕ್ತಾಯವಿತ್ತು, ಯಾರೂ ಎದುರಾಡಲಾರರು ಎಂದು ನಾನು ನಂಬಿದ್ದ ಒಂದು ಸಂಖ್ಯೆಯೂ ಇತ್ತು: ಅರವತ್ತನಾಲ್ಕರಲ್ಲಿ ಒಂದು.

ಆಗ ನಾನು ಚನ್ನಗಿರಿಯಲ್ಲಿ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ಹಾಜರಿಪುಸ್ತಕದಲ್ಲಿ ಹೆಸರಿತ್ತು ಅನ್ನುವುದು ಸರಿ. ನಾನು ಹೆಚ್ಚು ಹೊತ್ತು ಇರುತ್ತಿದ್ದದ್ದು ಚರ್ಚಾಸ್ಪರ್ಧೆಗಳಲ್ಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರುಗಳ ಒಂದೊಂದು ಕಾಲೇಜು ಸೇರಿಕೊಂಡು ವರ್ಷಕ್ಕೆ ನಾಲ್ಕು ಶನಿವಾರ ಚರ್ಚೆ ನಡೆಸುತ್ತಿದ್ದವು, ಶನಿವಾರಕ್ಕೊಂದು ಊರಿನಂತೆ. ಪ್ರತಿ ಕಾಲೇಜಿನಿಂದ ಇಬ್ಬರು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ನಮ್ಮಲ್ಲಿ ಪರ ಮಾತಾಡುವವಳು ನನ್ನ ಗೆಳತಿ. ವಿರೋಧ ಯಾವಾಗಲೂ ನಾನೇ. ವಿಷಯ ಯಾವುದೆಂದು ಗೊತ್ತಾಗುವ ಮೊದಲೇ ನಾನು ಅದಕ್ಕೆ ವಿರೋಧವಾಗಿರುತ್ತೇನೆ ಎಂದು ಮನೆಯಲ್ಲಿ ಆಡಿಕೊಳ್ಳುತ್ತಿದ್ದರು. ನಾಲ್ಕೂ ಶನಿವಾರ ಮುಗಿದ ಮೇಲೆ ಹೆಚ್ಚು ಅಂಕ ಬಂದ ಜೋಡಿಗೆ ಪಾರಿತೋಷಕ.

ಯಾವ ತಂಡ ಮೊದಲು ಮಾತಾಡಬೇಕು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಒಂದನೇ ಚೀಟಿ ಯಾರಿಗೂ ಬೇಡ. ಮೊದಲು ಹೋದವರ ಹೊತ್ತಿಗೆ ಮೈಕು ಇನ್ನೂ ಕುಂಯ್ ಅನ್ನುತ್ತಿರುತ್ತದೆ, ಹುಡುಗರು ಕುರ್ಚಿ ಎಳೆದಾಡುತ್ತಿರುತ್ತಾರೆ. ತೀರ್ಪುಗಾರರೂ ಮುಂದೆ ಇನ್ನೂ ಚೆನ್ನಾಗಿ ಮಾತಾಡುವವರು ಬಂದಾರು ಎಂದು ಕೈ ಬಿಗಿಹಿಡಿದು ಅಂಕ ಕೊಡುತ್ತಾರೆ. ಆ ವರ್ಷ ಹೊನ್ನಾಳಿಯಲ್ಲಿ ನಮಗೆ ಬಂದದ್ದು ಒಂದನೇ ಚೀಟಿ. ನ್ಯಾಮತಿಯಲ್ಲೂ ಒಂದನೇ ಚೀಟಿ. ಜಗಳೂರಿನಲ್ಲಿ ಗೆಳತಿ ಚೀಟಿ ಬಿಚ್ಚಿದವಳೇ ನನ್ನ ಕೈಗೆ ಕೊಟ್ಟಳು. ಮತ್ತೆ ಒಂದು.

ಚೀಟಿ ಬರೆಯುವವರು, ಸುತ್ತುವವರು, ಹಿಡಿಯುವವರು ಎಲ್ಲಾ ಒಬ್ಬರೇ: ಸವಳಂಗದ ಒಬ್ಬ ನಿವೃತ್ತ ಮೇಷ್ಟ್ರು. ಮಕ್ಕಳು ಮಾತು ಕಲಿಯಲಿ ಅನ್ನುವ ಒಂದೇ ಆಸೆಗೆ ವರ್ಷವರ್ಷವೂ ಬಸ್ಸು ಹತ್ತಿ ನಾಲ್ಕೂ ಊರಿಗೆ ಬರುತ್ತಿದ್ದರು. ಆಗ ಆ ಆಸೆ ನನ್ನ ಕಣ್ಣಿಗೆ ಬೀಳಲಿಲ್ಲ. ನನಗೆ ಕಂಡದ್ದು ಬೇರೆ. ಸವಳಂಗ ನ್ಯಾಮತಿ ತಾಲ್ಲೂಕಿಗೆ ಸೇರಿದ್ದು, ಅಂಕದಲ್ಲಿ ಮುಂದಿದ್ದದ್ದು ನ್ಯಾಮತಿ ತಂಡ. ಇನ್ನೊಂದು ಸಂಗತಿಯೂ ಇತ್ತು. ತಡವಾಗಿ ಬಂದು ಹೆಸರು ಬರೆಸಿದವರು ಚೀಟಿಯನ್ನೂ ಕೊನೆಗೆ ಎತ್ತಬೇಕು ಎಂಬುದು ರೂಢಿ. ನಮ್ಮ ಬಸ್ಸು ಮೂರೂ ಸಲ ತಡ. ಹಾಗಾಗಿ ಮೂರೂ ಸಲ ನಾವು ಎತ್ತಿದ್ದು ಉಳಿದ ಚೀಟಿಯನ್ನು.

ಜಗಳೂರಿನಿಂದ ವಾಪಸು ಬರುವಾಗ ಬಸ್ಸಿನಲ್ಲಿ ಗೆಳತಿ ಹೇಳಿದಳು, "ಏನ್ ಮಾಡಾಕಾಗ್ತೈತೆ ಬಿಡೆ. ನಮ್ಮ ಹಣೆಬರಹ."

"ಹಣೆಬರಹಕ್ಕೆ ಪುರಾವೆ ಐತೇನೆ? ಮೇಷ್ಟ್ರ ಕೈವಾಡಕ್ಕೆ ಐತೆ."

"ಏನ್ ಪುರಾವೆ?"

ನಾನು ಕಿಟಕಿಯ ಮಂಜು ಕವಿದ ಗಾಜಿನ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ನಾಲ್ಕು ತಂಡ. ಒಂದು ಊರಲ್ಲಿ ನಾಲ್ವರಲ್ಲಿ ಯಾರಾದರೂ ಮೊದಲು ಬರಬಹುದು. ಮೂರು ಊರು ಅಂದರೆ ನಾಲ್ಕು ಗುಣಿಸು ನಾಲ್ಕು ಗುಣಿಸು ನಾಲ್ಕು, ಅರವತ್ತನಾಲ್ಕು. ಅಷ್ಟರಲ್ಲಿ ಮೂರೂ ಕಡೆ ನಾವೇ ಮೊದಲು ಅನ್ನುವುದು ಒಂದೇ ಒಂದು. ಎಣಿಕೆಯ ಮೂಲತತ್ವದ ಪಾಠಕ್ಕೆ ನಾನು ಹಾಜರಿದ್ದದ್ದು ಒಂದೇ ದಿನ. ಆ ಒಂದು ದಿನದ ಬಂಡವಾಳದಲ್ಲೇ ಇಷ್ಟು.

"ಲೇ, ನೀನು ಗಣಿತದಾಗೆ ಮೂವತ್ತೈದು ತಗಂಡೋಳು," ಎಂದಳು ಗೆಳತಿ.

"ಮೂವತ್ತೈದು ಪಾಸೇ ಕಣೆ."

ಸೋಮವಾರ ಅರ್ಜಿಯನ್ನು ಪ್ರಿನ್ಸಿಪಾಲರ ಮುಂದಿಟ್ಟೆ. ಅವರು ಇತಿಹಾಸದ ಮೇಷ್ಟ್ರು, ಬರಹವನ್ನು ಮೆಚ್ಚುವವರು. ಎರಡು ಸಲ ಓದಿದರು.

"ಭಾಳ ಚೆನ್ನಾಗಿ ಬರ್ದೀಯಮ್ಮ. ವಕೀಲರು ಬರ್ದಂಗೈತೆ. ಬರೋ ಶನಿವಾರ ಚರ್ಚೆ ನಮ್ಮಲ್ಲೇ ಅಲ್ವಾ? ಇದನ್ನ ಉಳಿದ ಮೂರು ಕಾಲೇಜಿಗೂ ಕಳಿಸ್ತೀನಿ. ಮೇಷ್ಟ್ರಿಗೆ ಇನ್ಮೇಲೆ ಬರೋದು ಬ್ಯಾಡ ಅಂತ ಎಲ್ರೂ ಸೇರಿ ಹೇಳೋದು. ಆದ್ರೆ ಈ ಅರವತ್ನಾಲ್ಕು ನನಗೆ ತಿಳಿಯಲ್ಲ. ಗಣಿತದ ಮೇಡಂ ಹತ್ರ ಸರಿ ಐತೆ ಅಂತ ಒಂದು ಸಹಿ ಹಾಕಿಸ್ಕೊಂಡ್ ಬಾ. ಶುಕ್ರವಾರದ ಒಳಗೆ."

ನನಗೆ ಬೇಕಾಗಿದ್ದದ್ದೂ ಅದೇ. ಒಂದು ಸಹಿ ಬಿದ್ದರೆ ಸಾಕು, ಅಷ್ಟು ವರ್ಷ ಚೀಟಿ ಹಿಡಿದ ಒಬ್ಬ ಮನುಷ್ಯ ಮೋಸಗಾರನೆಂದು ನಾಲ್ಕೂ ಊರಿಗೆ ಗೊತ್ತಾಗುತ್ತಿತ್ತು. ನಾನು ಅರ್ಜಿ ಹಿಡಿದು ಸ್ಟಾಫ್ ರೂಮಿನ ಕಡೆ ನಡೆದದ್ದು ಅಲ್ಲ, ಓಡಿದ್ದು.

ಗಣಿತದ ಮೇಡಂ ಸಂತೇಬೆನ್ನೂರಿನಿಂದ ದಿನಾ ಸ್ಕೂಟಿಯಲ್ಲಿ ಬರುತ್ತಿದ್ದರು. ಬಂದ ಮೇಲೆ ಮೊದಲ ಹತ್ತು ನಿಮಿಷ ಯಾರೊಂದಿಗೂ ಮಾತಿಲ್ಲ. ಚಹಾ ಕುಡಿಯುತ್ತಾ ಕೂದಲಿಗೆ ಹತ್ತಿದ ಧೂಳು ಕೊಡವಿಕೊಳ್ಳುವರು. ಆ ಹತ್ತು ನಿಮಿಷದಲ್ಲೇ ನಾನು ಅರ್ಜಿ ಚಾಚಿದೆ. ಅವರು ಅಂಶಗಳನ್ನೂ ಮುಕ್ತಾಯವನ್ನೂ ಬಿಟ್ಟು ನೇರ ಸಂಖ್ಯೆಯ ಮೇಲೆ ಬೆರಳಿಟ್ಟರು.

"ಅರವತ್ನಾಲ್ಕು ಎಲ್ಲಿಂದ ತಂದೆ?"

"ನಾಲ್ಕು ಗುಣಿಸು ನಾಲ್ಕು ಗುಣಿಸು ನಾಲ್ಕು ಮೇಡಂ."

"ಯಾವ ನಾಲ್ಕು?"

"ನಾಲ್ಕು ತಂಡ."

"ಹೊನ್ನಾಳೀಲಿ ಎಷ್ಟು ಚೀಟಿ ಸುತ್ತಿದ್ರು?"

ಬೆರಳು ಮಡಚಿ ಎಣಿಸಿದೆ. ಸುತ್ತಿದ್ದದ್ದು ಮೂರು. ಸ್ಪರ್ಧೆ ನಡೆಸುವ ಊರಿನ ಜೋಡಿಗೆ ಆ ದಿನ ಚೀಟಿ ಇಲ್ಲ, ಅಂಕವೂ ಇಲ್ಲ; ಬಂದ ಅತಿಥಿಗಳೆಲ್ಲ ಮಾತಾಡಿದ ಮೇಲೆ ಕೊನೆಗೆ ಎದ್ದು ಗೌರವಕ್ಕೆಂದು ಮಾತಾಡಬೇಕು, ಅಷ್ಟೇ. ಮನೆಯವರು ನೆಂಟರ ಪಂಕ್ತಿ ಎದ್ದ ಮೇಲೆ ಊಟಕ್ಕೆ ಕೂರುವ ಹಾಗೆ. ನಮ್ಮ ಕಡೆ ಇದು ಎಷ್ಟು ಸಹಜವೆಂದರೆ ಅದೂ ಒಂದು ನಿಯಮ ಎಂದು ನನಗೆ ಹೊಳೆದೇ ಇರಲಿಲ್ಲ. ಮೂರು ಊರಲ್ಲೂ ಮೂರೇ ಚೀಟಿಗಳನ್ನು ಕಣ್ಣಾರೆ ನೋಡಿದವಳು, ಲೆಕ್ಕಕ್ಕೆ ಕೂತಾಗ ನಾಲ್ಕು ಎಂದು ಬರೆದಿದ್ದೆ.

"ಮೂರು, ಮೇಡಂ. ಮೂರು ಗುಣಿಸು ಮೂರು ಗುಣಿಸು ಮೂರು, ಇಪ್ಪತ್ತೇಳು," ಎಂದು ತಡವರಿಸಿಕೊಂಡು ಹೇಳಿದೆ. ಆಮೇಲೆ ವಾದ ಮಾಡುವವರ ಚಾಳಿಯಂತೆ, ಸೋತ ಜಾಗದಿಂದ ಒಂದು ಹೆಜ್ಜೆ ಹಿಂದೆ ನಿಂತು ಮತ್ತೆ ಶುರುಮಾಡಿದೆ. "ಇಪ್ಪತ್ತೇಳರಲ್ಲಿ ಒಂದಾದ್ರೂ ಕಡಿಮೆ ಏನಲ್ಲ. ಇಪ್ಪತ್ತೇಳು ಅಂತ ತಿದ್ದಿ ಕೊಡ್ತೀನಿ, ಸಹಿ ಹಾಕ್ರಿ."

"ಸಹಿ ನಾಳೆ ನೋಡಾಣ. ಇಪ್ಪತ್ತೇಳನ್ನೂ ಬರ್ಕೊಂಡು ಬಾ."

"ಅಂದ್ರೆ?"

"ಅಂದ್ರೆ ಇಪ್ಪತ್ತೇಳು ಸಾಲು. ಮೊದಲ ಊರಲ್ಲಿ ಯಾರು ಮೊದಲು, ಎರಡನೇ ಊರಲ್ಲಿ ಯಾರು, ಮೂರನೇ ಊರಲ್ಲಿ ಯಾರು. ಒಬ್ಬರ ಹೆಸರು ಕೆಡಿಸ್ತೀನಿ ಅಂತೀಯ, ಇಪ್ಪತ್ತೇಳು ಸಾಲು ಬರೆಯೋಕೆ ಬೇಜಾರಾ?"

ಬರೆದೆ. ಮೊದಲ ಸಲ ಬರೆದಾಗ ಇಪ್ಪತ್ತೈದಾಯಿತು, ಎರಡನೇ ಸಲ ಇಪ್ಪತ್ತೆಂಟು. ಎರಡು ಸಾಲು ಬಿಟ್ಟದ್ದು ಎಲ್ಲಿ, ಒಂದು ಸಾಲು ಎರಡು ಸಲ ಬಂದದ್ದು ಎಲ್ಲಿ ಎಂದು ಹುಡುಕಲು ಒಂದು ಗಂಟೆ ಹೋಯಿತು. ಮೂರನೇ ಸಲ ಮೊದಲ ಊರನ್ನು ಹಿಡಿದಿಟ್ಟುಕೊಂಡು, ಎರಡನೆಯದನ್ನು ಒಂದೊಂದೇ ಬದಲಿಸುತ್ತಾ, ಅದರೊಳಗೆ ಮೂರನೆಯದನ್ನು ತಿರುಗಿಸುತ್ತಾ ಬಂದೆ. ಆಗ ಒಂಬತ್ತೊಂಬತ್ತರ ಮೂರು ಗುಂಪುಗಳು ತಾವಾಗಿಯೇ ಬಿದ್ದವು. ಗುಣಾಕಾರ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತಾದದ್ದು ಆಗ. ಅಲ್ಲಿಯವರೆಗೆ ಅದು ನನಗೆ ಮೇಲಿನವರು ಹೇಳಿದ ಒಂದು ಆಜ್ಞೆಯಾಗಿತ್ತು. ಯಾರು ಏನು ಹೇಳಿದರೂ ಯಾಕೆ ಎಂದು ಕೇಳುವ ನಾನು, ಸೂತ್ರಗಳನ್ನು ಮಾತ್ರ ಯಾಕೆ ಎಂದು ಒಂದು ಸಲವೂ ಕೇಳದೆ ನುಂಗಿದ್ದೆ. ಅನುಮಾನ ನನ್ನ ಕಸುಬು ಎಂದು ಹೇಳಿಕೊಳ್ಳುತ್ತಿದ್ದವಳಿಗೆ ಇದು ಚೆನ್ನಾಗಿಯೇ ಕುಟುಕಿತು.

ಅಲ್ಲಿಂದ ಹಟ ಹತ್ತಿತು. ಮಂಗಳವಾರದಿಂದ ದಿನಾ ಬೆಳಿಗ್ಗೆ ಕಾಲೇಜು ಶುರುವಾಗುವ ಒಂದು ಗಂಟೆ ಮೊದಲು ಬಂದು ಖಾಲಿ ತರಗತಿಯಲ್ಲಿ ಬೋರ್ಡಿನ ಮುಂದೆ ನಿಲ್ಲುತ್ತಿದ್ದೆ. ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಾ ನಡುನಡುವೆ ತಲೆಯೆತ್ತುತ್ತಿದ್ದರು. ಪುಸ್ತಕದ 'ಕ್ರಮಯೋಜನೆ ಮತ್ತು ವಿಕಲ್ಪ' ಅಧ್ಯಾಯವನ್ನು ಮೊದಲಿನಿಂದ ಹಿಡಿದೆವು. ಅಂಗಿ ಪ್ಯಾಂಟಿನ ಲೆಕ್ಕ, ಒಂದು ಬಾಗಿಲಿನಿಂದ ಒಳಗೆ ಬಂದು ಬೇರೆ ಬಾಗಿಲಿನಿಂದ ಹೋಗುವವನ ಲೆಕ್ಕ, ಚೀಲದ ಕೆಂಪು ಕರಿ ಚೆಂಡುಗಳ ಲೆಕ್ಕ. ಐದು ಗಂಡಸರು ನಾಲ್ಕು ಹೆಂಗಸರಿಂದ ಐದು ಜನರ ಸಮಿತಿ ರಚಿಸುವ ಲೆಕ್ಕ ಬಂದಾಗ ನಾನು ತಡೆದೆ.

"ಕನಿಷ್ಠ ಇಬ್ಬರು ಹೆಂಗಸರು ಅಂತ ಯಾಕೆ ಮೇಡಂ? ಐದೂ ಜನ ಹೆಂಗಸರೇ ಯಾಕಿರಬಾರ್ದು?"

"ಇರೋದೇ ನಾಲ್ಕು ಜನ ಕಣಮ್ಮ. ಜಗಳ ಆಡೋಕೆ ಮುಂಚೆ ಎಣ್ಸು."

ನನ್ನ ತಪ್ಪುಗಳಿಗೆ ಒಂದು ಜಾಡಿತ್ತು. ಕೂಡಿಸಬೇಕಾದಲ್ಲಿ ಗುಣಿಸುತ್ತಿದ್ದೆ, ಯಾಕೆಂದರೆ ಗುಣಿಸಿದರೆ ದೊಡ್ಡ ಸಂಖ್ಯೆ ಬರುತ್ತದೆ. ದೊಡ್ಡ ಸಂಖ್ಯೆ ಕೇಳಿದರೆ ಸಭೆ ಸುಮ್ಮನಾಗುತ್ತದೆ ಎಂದು ವೇದಿಕೆ ನನಗೆ ಕಲಿಸಿತ್ತು. "ಇದು ಆದ ಮೇಲೆ ಅದು ಆಗಬೇಕಾ, ಅಥವಾ ಇದು ಇಲ್ಲಾ ಅದು ಆದ್ರೆ ಸಾಕಾ?" ಎಂದು ಮೇಡಂ ಪ್ರತಿ ಲೆಕ್ಕಕ್ಕೂ ಕೇಳುತ್ತಿದ್ದರು. ಉತ್ತರ ಬಾಯಲ್ಲಿ ಹೇಳಿದ ಮೇಲಷ್ಟೇ ಸೀಮೆಸುಣ್ಣ ಮುಟ್ಟಬೇಕು.

ಬುಧವಾರ ನನ್ನ ಇನ್ನೊಂದು ಅಂಶ ಬಿತ್ತು. ಕೊನೆಗೆ ಎತ್ತಿದವರಿಗೆ ಉಳಿದ ಚೀಟಿ ಸಿಗುವುದರಿಂದ ಅವರಿಗೆ ನಷ್ಟ ಎಂದು ಅರ್ಜಿಯಲ್ಲಿ ಬರೆದಿದ್ದೆ. ಮೇಡಂ ಮೂರು ಚೀಟಿ ಮೂವರಿಗೆ ಹಂಚುವ ಬಗೆಗಳನ್ನು ಬರೆಯಲು ಹೇಳಿದರು. ಒಟ್ಟು ಆರು. ಮೊದಲು ಎತ್ತಿದವರಿಗೆ ಒಂದನೇ ಚೀಟಿ ಬರುವುದು ಅದರಲ್ಲಿ ಎರಡು, ನಡುವಿನವರಿಗೆ ಎರಡು, ಕೊನೆಯವರಿಗೂ ಎರಡು. ಬಸ್ಸು ತಡವಾದದ್ದಕ್ಕೂ ಒಂದನೇ ಚೀಟಿಗೂ ಸಂಬಂಧವೇ ಇರಲಿಲ್ಲ. ಆ ಸಾಲನ್ನು ಅರ್ಜಿಯಲ್ಲಿ ಹೊಡೆದುಹಾಕಿದೆ. ಪುರಾವೆಯೆಂದು ಇನ್ನು ಉಳಿದದ್ದು ಇಪ್ಪತ್ತೇಳರಲ್ಲಿ ಒಂದು.

"ಈಗ ಸಹಿ ಹಾಕಬಹುದಲ್ವಾ ಮೇಡಂ?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ಒಂದೇ ಪ್ರಶ್ನೆ. ನಿನ್ನ ಬಿಟ್ಟು ಜಗಳೂರಿನವರಿಗೆ ಅವರು ಹೋದ ಮೂರೂ ಊರಲ್ಲಿ ಒಂದನೇ ಚೀಟಿ ಬಂದಿದ್ರೆ ಅವರು ಅರ್ಜಿ ಬರೀತಿರಲಿಲ್ವಾ?"

"ಬರೀತಿದ್ರೇನೋ."

"ಹೊನ್ನಾಳಿಯವರಿಗೆ ಬಂದಿದ್ರೆ?"

"ಅವರೂ ಬರೀತಿದ್ರು."

"ಹಂಗಾದ್ರೆ ನೀನು ಎಣಿಸಬೇಕಾದ್ದು ಚನ್ನಗಿರಿಗೆ ಬರೋದನ್ನಾ, ಯಾರಿಗಾದ್ರೂ ಒಬ್ಬರಿಗೆ ಬರೋದನ್ನಾ?"

ಆ ರಾತ್ರಿಯೂ ಮಾರನೇ ಬೆಳಿಗ್ಗೆಯೂ ನಾನು ಅದೊಂದನ್ನೇ ಎಣಿಸಿದೆ. ನಾಲ್ಕು ಊರು, ಪ್ರತಿ ಊರಲ್ಲೂ ಮೊದಲು ಮಾತಾಡಲು ಮೂವರಲ್ಲಿ ಒಬ್ಬರು. ಮೂರನ್ನು ನಾಲ್ಕು ಸಲ ಗುಣಿಸಿದರೆ ಎಂಬತ್ತೊಂದು. ನಮ್ಮ ತಂಡಕ್ಕೇ ಹೊರಗಿನ ಮೂರೂ ಊರಲ್ಲಿ ಒಂದನೇ ಚೀಟಿ ಬೀಳಬೇಕಾದರೆ ಆ ಮೂರು ಊರುಗಳ ಫಲ ನಿಶ್ಚಿತ, ಚನ್ನಗಿರಿಯಲ್ಲಿ ಮಾತ್ರ ಉಳಿದ ಮೂವರಲ್ಲಿ ಯಾರಾದರೂ ಆಗಬಹುದು. ಹಾಗಾಗಿ ಮೂರು ಬಗೆ. ಇಂಥ ತಂಡಗಳು ನಾಲ್ಕು, ಅಂದರೆ ಹನ್ನೆರಡು. ಒಂದೇ ವರ್ಷ ಎರಡು ತಂಡಕ್ಕೆ ಹೀಗಾಗಲು ಸಾಧ್ಯವೇ ಎಂದು ನೋಡಿದೆ. ಎರಡೂ ತಂಡ ಅತಿಥಿಯಾಗಿರುವ ಊರಲ್ಲಿ ಇಬ್ಬರೂ ಮೊದಲು ಮಾತಾಡಲಾರರು, ಆದ್ದರಿಂದ ಇಲ್ಲ. ಎರಡು ಸಲ ಎಣಿಸಿದ್ದು ಏನೂ ಇಲ್ಲ, ಕಳೆಯಬೇಕಾದ್ದೂ ಇಲ್ಲ. ಎಂಬತ್ತೊಂದರಲ್ಲಿ ಹನ್ನೆರಡು. ಏಳರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಆರೇಳು ವರ್ಷಕ್ಕೊಮ್ಮೆ ಯಾವುದಾದರೂ ಒಂದು ಊರಿಗೆ ಹೀಗೆ ಆಗುವುದೇ ಲೆಕ್ಕ. ನಾನು ಒಳಸಂಚು ಎಂದದ್ದು ಸರದಿಯಾಗಿತ್ತು.

ನಾನು ಇದನ್ನು ನಾಲ್ಕು ಸಲ ಪರೀಕ್ಷಿಸಿದೆ. ಎಲ್ಲಾದರೂ ತಪ್ಪು ಸಿಕ್ಕೀತು ಎಂಬ ಆಸೆಯಿಂದಲೇ ಪರೀಕ್ಷಿಸಿದೆ. ಸಿಗಲಿಲ್ಲ.

ಒಂದು ಮಾತನ್ನು ಇಲ್ಲಿ ಸ್ಪಷ್ಟ ಮಾಡಬೇಕು, ಇಲ್ಲದಿದ್ದರೆ ಎದುರು ತಂಡದವರು ಕೇಳುತ್ತಾರೆ. ಈ ಎಂಬತ್ತೊಂದರಲ್ಲಿ ಹನ್ನೆರಡು ಮೇಷ್ಟ್ರು ಪ್ರಾಮಾಣಿಕರು ಎಂದು ಸಾಧಿಸುವುದಿಲ್ಲ. ನನ್ನ ಕೈಯಲ್ಲಿ ಪುರಾವೆ ಏನೂ ಇಲ್ಲ ಎಂದಷ್ಟೇ ಸಾಧಿಸುತ್ತದೆ. ಆದರೆ ಪುರಾವೆಯಿಲ್ಲದೆ ಒಬ್ಬರ ಹೆಸರು ಕೆಡಿಸುವವರನ್ನು ನಾನು ಅದೆಷ್ಟು ವೇದಿಕೆಗಳಲ್ಲಿ ತರಾಟೆಗೆ ತೆಗೆದುಕೊಂಡಿದ್ದೆನೋ.

ಗುರುವಾರ ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಹೇಳಲು ಹೋದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದರು.

"ಅಯ್ಯೋ, ನಾನು ನಿನ್ನೇನೇ ಮೇಷ್ಟ್ರಿಗೆ ಫೋನ್ ಮಾಡ್ಬಿಟ್ಟೆನಲ್ಲಮ್ಮ. ಹಿಂಗೊಂದು ಅರ್ಜಿ ಬಂದೈತೆ ಅಂತ ಹೇಳ್ಬಿಟ್ಟೆ. ಅವರು, ಆಯ್ತು ನಾನು ಬರಲ್ಲ, ಇನ್ಮೇಲೆ ಎಲ್ಲಿಗೂ ಬರಲ್ಲ ಅಂತ ಹೇಳಿ ಇಟ್ಬಿಟ್ರು. ಮತ್ತೆ ಫೋನ್ ಎತ್ತಿಲ್ಲ."

"ನಾನು ಹೋಗಿ ಹೇಳ್ತೀನಿ ಸಾರ್."

"ಫೋನಲ್ಲಿ ಕೇಳದವರು ಎದುರಿಗೆ ಕೇಳ್ತಾರಾ?"

"ಎದುರಿಗೆ ಮಾತಾಡೋದೊಂದೇ ಸಾರ್ ನನಗೆ ಬರೋದು."

ಹೊರಗೆ ಮೇಡಂ ಸ್ಕೂಟಿಯ ಹತ್ತಿರ ನಿಂತಿದ್ದರು. ನಡೆದದ್ದನ್ನು ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ, ಇನ್ನೊಂದು ಲೆಕ್ಕ ಕೊಟ್ಟರು. "ಮೋಸ ಇಲ್ಲ ಅಂತ ಎಣಿಸ್ದೆ. ಸರಿ. ಅನ್ಯಾಯ ಆಯ್ತು ಅಂತ ನಿನಗನ್ನಿಸಿದ್ದು ಮಾತ್ರ ಸುಳ್ಳಲ್ಲ. ಹಂಗಾದ್ರೆ ನ್ಯಾಯ ಅಂದ್ರೆ ಏನು ಅಂತ ಎಣಿಸು. ಪ್ರತಿ ತಂಡಕ್ಕೂ ಹೊರಗಿನ ಮೂರು ಊರಲ್ಲಿ ಒಂದು ಸಲ ಮೊದಲು, ಒಂದು ಸಲ ನಡುವೆ, ಒಂದು ಸಲ ಕೊನೆಗೆ ಬರಬೇಕು. ಅಂಥವು ಎಷ್ಟಾಗ್ತವೆ?"

ಶುಕ್ರವಾರ ಬೆಳಿಗ್ಗೆ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ನ್ಯಾಮತಿ ದಾಟಿ ಸವಳಂಗ ತಲುಪುವವರೆಗೆ ಆ ಲೆಕ್ಕವೇ ತಲೆಯಲ್ಲಿತ್ತು. ಎರಡೂ ಬಸ್ಸಿನಲ್ಲಿ ತೊಡೆಯ ಮೇಲೆ ನೋಟ್‌ಬುಕ್. ಒಂದೊಂದು ಊರಲ್ಲಿ ಆರು ಕ್ರಮ, ನಾಲ್ಕು ಊರಿಗೆ ಆರನ್ನು ನಾಲ್ಕು ಸಲ ಗುಣಿಸಿ ಒಂದು ಸಾವಿರದ ಇನ್ನೂರ ತೊಂಬತ್ತಾರು. ಅವುಗಳಲ್ಲಿ ನ್ಯಾಯವಾದವು ಎಷ್ಟು? ಚನ್ನಗಿರಿಯ ಕ್ರಮವನ್ನು ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಹಿಡಿದಿಟ್ಟುಕೊಂಡು ಉಳಿದ ಮೂರು ಊರನ್ನು ಜೋಡಿಸುತ್ತಾ ಹೋದರೆ ನಾಲ್ಕೇ ಪಟ್ಟಿ ಸಿಕ್ಕವು. ಐದನೆಯದಕ್ಕೆ ಎಷ್ಟು ತಿಣುಕಿದರೂ ಯಾವುದೋ ತಂಡ ಎರಡು ಸಲ ನಡುವೆ ಬಂದು ಕೂರುತ್ತಿತ್ತು. ಚನ್ನಗಿರಿಯ ಕ್ರಮ ಆರು ಬಗೆ, ಒಂದೊಂದಕ್ಕೆ ನಾಲ್ಕು. ಇಪ್ಪತ್ತನಾಲ್ಕು. ಒಂದು ಸಾವಿರದ ಇನ್ನೂರ ತೊಂಬತ್ತಾರರಲ್ಲಿ ಬರೀ ಇಪ್ಪತ್ತನಾಲ್ಕು!

ಮೇಷ್ಟ್ರ ಮನೆ ಬಸ್ ನಿಲ್ದಾಣದಿಂದ ಐದು ನಿಮಿಷದ ದಾರಿ. ಅವರು ಜಗುಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿ ಪೇಪರ್ ಮಡಚಲಿಲ್ಲ.

"ಯಾರಮ್ಮ? ಓ, ವಿರೋಧದವಳಾ?"

"ಹೌದು ಮೇಷ್ಟ್ರೇ. ಅರ್ಜಿ ಬರ್ದೋಳು ನಾನೇ. ಅದು ತಪ್ಪು ಅಂತ ಹೇಳಾಕೆ ಬಂದೆ. ವಾಪಸ್ ತಗಂಡೀನಿ."

"ಪ್ರಿನ್ಸಿಪಾಲ್ರು ಬೈದ್ರಾ?"

"ಇಲ್ಲ. ಅವರು ಹೊಗಳಿದ್ರು."

ಅದಕ್ಕೆ ಅವರ ಮುಖದಲ್ಲಿ ಏನೋ ಆಡಿತು, ನಗು ಆಗುವ ಮೊದಲೇ ಹೋಯಿತು. ಅವರ ಹೆಂಡತಿ ಒಗ್ಗರಣೆ ಮಂಡಕ್ಕಿಯ ತಟ್ಟೆ ತಂದು ನನ್ನ ಮುಂದಿಟ್ಟು, "ತಿನ್ನಮ್ಮ, ಬಸ್ನಾಗೆ ಬಂದೀಯ," ಎಂದು ಹೇಳಿ ಗಂಡನ ಕಡೆ ಒಂದು ನೋಟ ಬೀರಿ ಒಳಗೆ ಹೋದರು. ನಾನು ತಟ್ಟೆ ಮುಟ್ಟದೆ ನೋಟ್‌ಬುಕ್ ತೆಗೆದೆ. ಅರವತ್ತನಾಲ್ಕು ಹೇಗೆ ಇಪ್ಪತ್ತೇಳಾಯಿತು, ಇಪ್ಪತ್ತೇಳರಲ್ಲಿ ಒಂದು ಹೇಗೆ ಎಂಬತ್ತೊಂದರಲ್ಲಿ ಹನ್ನೆರಡಾಯಿತು ಎಂದು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿದರು.

"ಅಂದ್ರೆ," ಎಂದರು ನಿಧಾನವಾಗಿ, "ಇದೇ ಜಗಳೂರಿನ ಹುಡುಗ್ರಿಗೆ ಮೂರು ಸಲ ಒಂದನೇ ಚೀಟಿ ಬಿದ್ದಿದ್ರೆ ನೀನು ಅರ್ಜಿ ಬರೀತಿದ್ದಾ?"

ಸುಳ್ಳು ಹೇಳಲು ಅವಕಾಶವಿತ್ತು. "ಇಲ್ಲ ಮೇಷ್ಟ್ರೇ. ಗಮನಿಸ್ತಾನೂ ಇರಲಿಲ್ಲ."

"ಹಿಂದೊಂದ್ಸಲ ಅವರಿಗೆ ಹಿಂಗೇ ಬಿದ್ದಿತ್ತು. ಮೂರೂ ಕಡೆ ಮೊದಲು ಮಾತಾಡಿದ್ರು. ಪಾರಿತೋಷಕನೂ ತಗಂಡು ಹೋದ್ರು."

ನಾನು ಮಂಡಕ್ಕಿ ತಿನ್ನಲು ಶುರುಮಾಡಿದೆ. ಮೆಣಸಿನಕಾಯಿ ಬಾಯಿಗೆ ಬಂತು. ಅದನ್ನೂ ಅಗಿದು ನುಂಗಿದೆ.

"ಇನ್ನೊಂದು ಐತೆ ಮೇಷ್ಟ್ರೇ," ಎಂದೆ ಕಣ್ಣು ಒರೆಸಿಕೊಂಡು. "ನೀವು ಮೋಸ ಮಾಡಿಲ್ಲ. ಆದ್ರೂ ನಿಮ್ಮ ಚೀಟಿ ನ್ಯಾಯ ಕೊಡಲ್ಲ."

ಪೇಪರ್ ಈಗ ಮಡಚಿದರು. "ಕ್ಷಮೆ ಕೇಳಾಕೆ ಬಂದ್ಯಾ, ಇನ್ನೊಂದು ಅರ್ಜಿ ಕೊಡಾಕೆ ಬಂದ್ಯಾ?"

"ಎರಡಕ್ಕೂ."

ಇಪ್ಪತ್ತನಾಲ್ಕರ ಲೆಕ್ಕ ಹೇಳಿದೆ. ಅವರು ನಂಬಲಿಲ್ಲ. ನಾಲ್ಕೇ ಪಟ್ಟಿ ಯಾಕೆ, ಐದನೆಯದು ಇದ್ದೇ ಇರುತ್ತದೆ, ನಿನಗೆ ಸಿಕ್ಕಿಲ್ಲ ಅಷ್ಟೇ ಎಂದು ಪಟ್ಟು ಹಿಡಿದರು. ನನ್ನ ಪೆನ್ನನ್ನೇ ಕಸಿದುಕೊಂಡು, ಪೇಪರಿನ ಅಂಚಿನ ಖಾಲಿ ಜಾಗದಲ್ಲಿ ಹೊ, ನ್ಯಾ, ಜ, ಚ ಎಂದು ಅಕ್ಷರ ಬರೆದು ಜೋಡಿಸತೊಡಗಿದರು. ಮೊದಲ ಪ್ರಯತ್ನದಲ್ಲಿ ನ್ಯಾಮತಿ ಎರಡು ಸಲ ನಡುವೆ ಬಂತು. ಹೊಡೆದುಹಾಕಿದರು. ಎರಡನೆಯದು ನನ್ನ ಮೂರನೇ ಪಟ್ಟಿಯೇ ಆಗಿತ್ತು. "ಇದು ಬೇರೆ, ಬೇರೆ" ಎಂದು ವಾದಿಸಿದರು, ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಗೊಣಗುತ್ತಾ ಒಪ್ಪಿದರು. ಮೂರನೆಯದರಲ್ಲಿ ಜಗಳೂರಿಗೆ ಮೊದಲ ಸರದಿಯೇ ಸಿಗಲಿಲ್ಲ. ಪೇಪರಿನ ಅಂಚು ಮುಗಿಯಿತು. ಅವರು ನನ್ನ ನೋಟ್‌ಬುಕ್‌ಗೆ ಬಂದರು. ನನ್ನ ಮಧ್ಯಾಹ್ನದ ಬಸ್ಸು ಹೋಯಿತು.

ಕೊನೆಗೆ ಪೆನ್ನು ಕೆಳಗಿಟ್ಟು ಕೇಳಿದರು, "ನಾಳೆ ಎಲ್ರ ಎದುರಿಗೆ ಹೇಳ್ತೀಯಾ? ಚೀಟಿ ಎತ್ತೋಕೆ ಮುಂಚೆ?"

"ಯಾವುದನ್ನ?"

"ಮೊದಲನೇದನ್ನ. ನನ್ನ ಮೇಲೆ ಯಾಕೆ ಅನುಮಾನ ಪಟ್ಟೆ, ಎಲ್ಲಿ ತಪ್ಪಿದೆ ಅಂತ. ನೀನು ನನ್ನ ಮುಂದೆ ಹೇಳಿದ್ರೆ ನನಗೇನು ಬಂತು? ಜಗಳೂರು ಹುಡುಗ್ರ ಮುಂದೆ ಹೇಳು. ಹೇಳ್ತೀನಿ ಅಂದ್ರೆ ಬರ್ತೀನಿ. ಎರಡನೇದನ್ನೂ ಬೇಕಾದ್ರೆ ಆಮೇಲೆ ಹೇಳ್ಕೋ, ನಾನು ಬ್ಯಾಡ ಅನ್ನಲ್ಲ."

ಶನಿವಾರ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಮೈಕು ಎಂದಿನಂತೆ ಕುಂಯ್ ಅಂದಿತು. ಮೂರು ಊರಿನ ಜೋಡಿಗಳು ಮುಂದಿನ ಸಾಲಿನಲ್ಲಿದ್ದರು. ಮೇಷ್ಟ್ರು ಪಕ್ಕದಲ್ಲಿ ಕೈಕಟ್ಟಿ ಕೂತಿದ್ದರು. ನಾನು ಹಿಂದೆ ಎಷ್ಟೋ ಸಲ ಆ ವೇದಿಕೆಯಲ್ಲಿ ನಿಂತಿದ್ದೆ, ಆದರೆ ನನ್ನ ವಿರುದ್ಧ ನಾನೇ ಮಾತಾಡಿದ್ದು ಅದೇ ಮೊದಲು. ಬೋರ್ಡಿನ ಮೇಲೆ ಅರವತ್ತನಾಲ್ಕು ಬರೆದು ಅದನ್ನು ಹೊಡೆದೆ, ಇಪ್ಪತ್ತೇಳು ಬರೆದು ಹೊಡೆದೆ, ಎಂಬತ್ತೊಂದರಲ್ಲಿ ಹನ್ನೆರಡು ಎಂದು ಬರೆದು ಅದನ್ನು ಉಳಿಸಿದೆ. ಮೇಷ್ಟ್ರ ಮೇಲೆ ಬರೆದ ಅರ್ಜಿಗೆ ಆಧಾರವಿರಲಿಲ್ಲ, ನಾನು ಅವರಲ್ಲಿ ಕ್ಷಮೆ ಕೇಳುತ್ತೇನೆ ಎಂದು ಅವರ ಕಡೆ ತಿರುಗಿ ಹೇಳಿದೆ. ಜಗಳೂರಿನ ಹುಡುಗಿಯೊಬ್ಬಳು ಕೂತಲ್ಲಿಂದಲೇ ಕೇಳಿದಳು, "ಹಂಗಾದ್ರೆ ನೀವು ಸೋತಿದ್ದು ಚೀಟಿಯಿಂದ ಅಲ್ಲ, ಅಲ್ವಾ ಅಕ್ಕ?"

ಸಭೆಯೆಲ್ಲ ನಕ್ಕಿತು. ನನ್ನ ಗೆಳತಿ ಎಲ್ಲರಿಗಿಂತ ಜೋರಾಗಿ ನಕ್ಕಳು. "ಅದನ್ನ ಇನ್ನೂ ಎಣಿಸಿಲ್ಲ," ಎಂದೆ.

ಮೇಷ್ಟ್ರು ಎದ್ದು ಬಂದು ಮೂರು ಚೀಟಿ ಹಿಡಿದರು. ಹೊನ್ನಾಳಿಗೆ ಒಂದು ಬಂತು. ಹೊನ್ನಾಳಿಯ ಹುಡುಗ ಹಣೆ ಚಚ್ಚಿಕೊಂಡು ಮೈಕಿನ ಹತ್ತಿರ ಹೋದ. ಚರ್ಚೆ ನಡೆಯಿತು. ಪಾರಿತೋಷಕ ನ್ಯಾಮತಿಗೆ ಹೋಯಿತು. ಅವರು ಚೆನ್ನಾಗಿ ಮಾತಾಡಿದ್ದರು, ಅದನ್ನು ಒಪ್ಪಲು ನನಗೆ ಯಾವ ಲೆಕ್ಕವೂ ಬೇಕಾಗಲಿಲ್ಲ.

ಊಟದ ಹೊತ್ತಿಗೆ ಎರಡನೆಯದನ್ನು ಎತ್ತಿದೆ. ಮುಂದಿನ ವರ್ಷದಿಂದ ಚೀಟಿ ಬೇಡ, ಇಪ್ಪತ್ತನಾಲ್ಕು ನ್ಯಾಯದ ಪಟ್ಟಿಗಳಲ್ಲಿ ಒಂದನ್ನು ವರ್ಷದ ಆರಂಭದಲ್ಲೇ ಗೊತ್ತುಮಾಡೋಣ, ಪ್ರತಿಯೊಬ್ಬರಿಗೂ ಒಂದು ಸಲ ಮೊದಲು, ಒಂದು ಸಲ ನಡುವೆ, ಒಂದು ಸಲ ಕೊನೆ. ನನ್ನ ಪ್ರಕಾರ ಇದಕ್ಕೆ ವಿರೋಧವಿರಲು ಸಾಧ್ಯವೇ ಇರಲಿಲ್ಲ. ಇತ್ತು.

"ಬ್ಯಾಡಪ್ಪ," ಎಂದ ಹೊನ್ನಾಳಿಯ ಹುಡುಗ. "ಮುಂದಿನ ಶನಿವಾರ ನಾನೇ ಮೊದಲು ಅಂತ ಮುಂಚೇನೇ ಗೊತ್ತಾದ್ರೆ ವಾರ ಪೂರ್ತಿ ಊಟ ಸೇರಲ್ಲ. ಚೀಟಿ ಆದ್ರೆ ಹೆದರಿಕೆ ಐದೇ ನಿಮಿಷ."

ನಾನು ಹೆದರಿಕೆಗೂ ನ್ಯಾಯಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿದೆ. ಯಾರೂ ಕದಲಲಿಲ್ಲ. ಕೈಯೆತ್ತಿ ಅಂದರು ಪ್ರಿನ್ಸಿಪಾಲರು. ಎಂಟು ಜನ ಸ್ಪರ್ಧಿಗಳು, ಮೇಷ್ಟ್ರೊಬ್ಬರು, ಒಟ್ಟು ಒಂಬತ್ತು ಮತ. ನನ್ನ ಗೆಳತಿಯೇ ಚೀಟಿಯ ಕಡೆ ಕೈಯೆತ್ತಿ ನನಗೆ ನಾಲಿಗೆ ತೋರಿಸಿದಳು. ಪಟ್ಟಿಗೆ ಬಿದ್ದದ್ದು ಎರಡೇ ಮತ: ನನ್ನದೊಂದು, ಇನ್ನೊಂದು ಮೇಷ್ಟ್ರದು.

"ನೀವ್ಯಾಕೆ ಮೇಷ್ಟ್ರೇ?" ಎಂದು ಪ್ರಿನ್ಸಿಪಾಲರು ಆಶ್ಚರ್ಯ ಪಟ್ಟರು.

"ಐದನೇ ಪಟ್ಟಿ ಸಿಗಲಿಲ್ಲ ಕಣ್ರೀ," ಎಂದರು ಅವರು, ಸಾರಿಗೆ ಅನ್ನ ಕಲೆಸುತ್ತಾ. ಆಮೇಲೆ ನನ್ನ ಕಡೆ ತಿರುಗಿ, "ಏಳಕ್ಕೆ ಎರಡು. ಪರವಾಗಿಲ್ಲ. ಮುಂದಿನ ವರ್ಷಕ್ಕೆ ಇನ್ನೂ ಮೂರು ಜನಾನ ಒಪ್ಪಿಸ್ಬೇಕು ನಾವು. ಯಾರ್ಯಾರನ್ನ ಅಂತ ಈಗ್ಲೇ ಯೋಚ್ನೆ ಮಾಡು."

ಏಳು ಜನರಲ್ಲಿ ಮೂವರನ್ನು ಆರಿಸಲು ಮೂವತ್ತೈದು ಬಗೆಗಳಿವೆ. ನಾನು ಊಟ ಬಿಟ್ಟು ಮೊದಲು ಹೊನ್ನಾಳಿಯ ಹುಡುಗನ ಹತ್ತಿರ ಹೋಗಿ ಕೂತೆ.